‘ಇಲ್ಲ’ ಎಂಬ ಮನೆತನವನ್ನು ನಾಲ್ಕು ತಾಲ್ಲೂಕಿನಲ್ಲಿ ಹುಡುಕಿದ ಅಧಿಕಾರಿಗೆ

ಮಾನ್ಯ ಗುರುತು ದೃಢೀಕರಣ ಅಧಿಕಾರಿಗಳೇ,

ನನ್ನ ಮಗಳು ಒಬ್ಬಳೇ ಎಂದು ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಲು ನಿಮಗೆ ಏಳು ವಾರ ಸಾಲಲಿಲ್ಲ. ಇದೇ ನನ್ನ ದೂರು. ಇನ್ನು ಒಂಬತ್ತು ದಿನದಲ್ಲಿ ಆ ಹಾಳೆ ಅವಳ ಕೈ ಸೇರದಿದ್ದರೆ, ಓದು ಮುಗಿಸಿದ ದೇಶದಲ್ಲಿ ಕೆಲಸ ಮಾಡುವ ಅವಕಾಶ ಅವಳಿಗೆ ಶಾಶ್ವತವಾಗಿ ತಪ್ಪಿಹೋಗುತ್ತದೆ. ಈ ಮಾತನ್ನು ನಿಮ್ಮ ಮೇಜಿನ ಮುಂದೆ ನಿಂತು ನಾಲ್ಕು ಸಲ ಹೇಳಿದ್ದೇನೆ. ಮೊದಲೆರಡು ಸಲ ನೀವು ತಲೆ ಎತ್ತದೆ, ಅರ್ಜಿ ಕೊಟ್ಟು ಹೋಗಿ ಎಂದಿರಿ. ಅರ್ಜಿಗಳನ್ನು ನೀವು ಓದುವುದಿಲ್ಲ ಎಂಬುದು ಖಚಿತವಾಗಿರುವುದರಿಂದ, ಊರಿನವರಾದರೂ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹೊನ್ನಾಳಿಯಲ್ಲಿ ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು. ಮೊದಲ ತಪ್ಪು ನನ್ನದೇ. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಮಗಳು ಮೇಘಶ್ರೀಗೆ ಪಾಸ್‌ಪೋರ್ಟ್ ಮಾಡಿಸಲು ಬಸ್ ನಿಲ್ದಾಣದ ಪಕ್ಕದ ತಿಪ್ಪೇಶನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆವು. ತಿಪ್ಪೇಶ್ ನನ್ನ ಹಳೆಯ ವಿದ್ಯಾರ್ಥಿ. ಉಕ್ತಲೇಖನದಲ್ಲಿ ತರಗತಿಗೇ ಮೊದಲಿಗ, ಹೇಳಿದ್ದನ್ನು ಹೇಳಿದ ಹಾಗೆ ಇಳಿಸುವವನು.

“ಮೇಡಂ, ಇಲ್ಲಿ ಸರ್‌ನೇಮ್ ಕೇಳ್ತೈತೆ. ಏನ್ ಹಾಕ್ಲಿ?” ಎಂದ.

“ನಮ್ಗೆಲ್ಲಿಂದ ಬರ್ಬೇಕಪ್ಪ ಸರ್‌ನೇಮು? ಇಲ್ಲ” ಎಂದೆ.

ಅವನು ‘ಇಲ್ಲ’ ಎಂದು ಹಾಕಿದ. ನಾನು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೆ, ಮೇಘಶ್ರೀ ಫೋನಿನಲ್ಲಿದ್ದಳು. ತಿಂಗಳ ಮೇಲೆ ಪಾಸ್‌ಪೋರ್ಟ್ ಬಂತು: ಹೆಸರು ಮೇಘಶ್ರೀ, ಅಡ್ಡಹೆಸರು ‘ಇಲ್ಲ’, ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪಷ್ಟವಾಗಿ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಿದ್ದಿಸೋಣ ಎಂದರೆ ಅವಳು, “ಇರ್ಲಿ ಬಿಡಮ್ಮ, ಖಾಲಿ ಬಿಡೋದಕ್ಕಿಂತ ಏನೋ ಒಂದು ಐತಲ್ಲ” ಎಂದಳು. ಕಾಲೇಜಿನ ಪ್ರವೇಶದ ದಿನ ಹತ್ತಿರವಿತ್ತು, ಹಾಗೇ ಬಿಟ್ಟೆವು.

ನಿಮಗೂ ಗೊತ್ತಿರಬೇಕಾದ ಸಂಗತಿ ಇದು. ನಮ್ಮ ಕಡೆ ಹೆಸರಿನ ಹಿಂದೆ ಊರು ಮತ್ತು ಅಪ್ಪ ಇರುತ್ತಾರೆ, ಮುಂದೆ ಯಾರೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳು ಕೆ. ಜಿ. ಮೇಘಶ್ರೀ. ಕೆ ಎಂದರೆ ಕತ್ತಲಗೆರೆ, ನನ್ನ ಗಂಡನ ಊರು. ಜಿ ಎಂದರೆ ಗುರುಬಸವರಾಜ್, ನನ್ನ ಗಂಡ. ಜಗತ್ತಿನ ಅರ್ಜಿಗಳಲ್ಲಿ ನಮ್ಮಂಥವರಿಗೆ ಒಂದು ಚೌಕವನ್ನೂ ಬಿಟ್ಟಿಲ್ಲ. ಪರದೇಶದವರಿಗೆ ಇದು ತಿಳಿಯದಿದ್ದರೆ ಕ್ಷಮಿಸಬಹುದು. ನಿಮ್ಮ ಬಾಗಿಲ ಫಲಕದಲ್ಲಿ ನಿಮ್ಮ ಹೆಸರಿನ ಹಿಂದೆಯೂ ಎರಡು ಅಕ್ಷರಗಳಿವೆಯಲ್ಲ, ಅವು ಏನೆಂದು ತಿಳಿದಿದ್ದೀರಿ?

ಮೇಘಶ್ರೀ ಪರದೇಶಕ್ಕೆ ಹೋಗಿ ಹಸುಗಳ ಆಹಾರ ವಿಜ್ಞಾನವನ್ನು ಎರಡು ವರ್ಷ ಓದಿದಳು. ಅಲ್ಲಿ ಅವಳು ‘ಮಿಸ್ ಇಲ್ಲ’. ಹಾಜರಿ ಕರೆಯುವಾಗ ಮೇಷ್ಟರು ‘ಇಲ್ಲ’ ಎಂದು ಕೂಗುವುದು, ಇವಳು ಎದ್ದು ‘ಇದ್ದೇನೆ’ ಎನ್ನುವುದು. ನೂರಿಪ್ಪತ್ತು ಜನರಲ್ಲಿ ಎರಡನೆಯವಳಾಗಿ ಪಾಸಾದಳು. ಕರುಗಳ ಮೇವಿನ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದು ಕೆಲಸವನ್ನೂ ಕೊಟ್ಟಿತು. ಆ ದೇಶದ ಕಾನೂನು ಉದಾರವಾದದ್ದೇ: ಅಲ್ಲಿ ಪದವಿ ಪಡೆದ ಪರದೇಶಿ ವಿದ್ಯಾರ್ಥಿ ಎರಡು ವರ್ಷ ಅಲ್ಲೇ ದುಡಿಯಬಹುದು. ಆದರೆ ಆ ವೀಸಾಕ್ಕೆ ವಿದ್ಯಾರ್ಥಿ ವೀಸಾ ಮುಗಿಯುವ ಮೊದಲೇ, ಆ ದೇಶದೊಳಗೇ ಇದ್ದು ಅರ್ಜಿ ಹಾಕಬೇಕು. ಇವಳ ವೀಸಾ ಮುಗಿಯುವುದು ಇದೇ ಮೂವತ್ತಕ್ಕೆ. ಪ್ರವೇಶ ಪಡೆಯುವಾಗ ವಕೀಲರ ಪ್ರಮಾಣಪತ್ರ ನಡೆದಿತ್ತು. ಈಗ ಅವರು ಕೇಳಿದ್ದು ಸರ್ಕಾರಿ ಅಧಿಕಾರಿಯ ಒಂದು ಪತ್ರ: ಅಂಕಪಟ್ಟಿಯ ಕೆ. ಜಿ. ಮೇಘಶ್ರೀ, ಪದವಿಪತ್ರದ ‘ಮೇಘಶ್ರೀ ಇಲ್ಲ’, ಇಬ್ಬರೂ ಒಬ್ಬರೇ ಎಂದು. ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಿರಿ ಎಂದು ವರ್ಷವರ್ಷವೂ ಕೊಡುತ್ತಿದ್ದೆ. ಅದನ್ನು ಯಾರೂ ನಿಮ್ಮಷ್ಟು ಚೆನ್ನಾಗಿ ವಿಸ್ತರಿಸಿರಲಿಲ್ಲ.

ಐದು ವಾರದ ಮೇಲೆ ನಿಮ್ಮ ಹಿಂಬರಹ ಬಂತು. ಅದನ್ನು ಇಲ್ಲಿ ಇದ್ದ ಹಾಗೇ ಕೊಡುತ್ತೇನೆ, ಕಾಗುಣಿತವನ್ನು ಮಾತ್ರ ತಿದ್ದಿದ್ದೇನೆ. “ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ವಿಚಾರಿಸಲಾಗಿ, ‘ಇಲ್ಲ’ ಎಂಬ ಮನೆತನವು ಇರುವುದು ಕಂಡುಬಂದಿರುವುದಿಲ್ಲ. ಜಗಳೂರು ತಾಲ್ಲೂಕಿನಲ್ಲಿ ಎಲ್ಲಪ್ಪ ಎಂಬವರಿದ್ದು, ಸದರಿಯವರೊಂದಿಗೆ ಅರ್ಜಿದಾರರಿಗೆ ಸಂಬಂಧವಿದ್ದಲ್ಲಿ ವಂಶವೃಕ್ಷ ಲಗತ್ತಿಸತಕ್ಕದ್ದು.”

ಸ್ವಾಮಿ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಕಥೆ ಕೇಳಿದ್ದೆ. ಆ ಪುಣ್ಯಾತ್ಮರು ಕಡೆಯ ಪಕ್ಷ ಕರುವಿನ ವಂಶವೃಕ್ಷ ಕೇಳಿರಲಿಲ್ಲ. ನಾಲ್ಕು ತಾಲ್ಲೂಕಿಗೆ ಪತ್ರ ಹೋಗಿದೆ, ನಾಲ್ಕು ಕಡೆಯಿಂದ ಉತ್ತರ ಬಂದಿದೆ. ಕನ್ನಡ ಓದಬಲ್ಲ ಅಷ್ಟೊಂದು ಜನರಲ್ಲಿ ಒಬ್ಬರಿಗೂ ‘ಇಲ್ಲ’ ಎಂದರೆ ಇಲ್ಲ ಎಂದು ಅರ್ಥವಾಗಲಿಲ್ಲವೇ? ಅಥವಾ ಅರ್ಥವಾಗಿಯೂ, ಸಾಹೇಬರು ಕೇಳಿದ್ದಾರೆ, ನಮಗೇಕೆ ಎಂದು ಸುಮ್ಮನಾದರೇ? ಎರಡನೆಯದೇ ನಿಜವಿರಬೇಕು. ಪಾಪ, ಆ ಎಲ್ಲಪ್ಪನವರ ಮನೆ ಬಾಗಿಲಿಗೂ ಯಾರೋ ಹೋಗಿ, ವಿದೇಶದಲ್ಲಿ ನಿಮಗೊಬ್ಬಳು ಮಗಳಿದ್ದಾಳೆಯೇ ಎಂದು ಕೇಳಿರಬಹುದು. ಅವರ ಹೆಂಡತಿ ಆ ರಾತ್ರಿ ಊಟ ಬಡಿಸಿದರೋ ಇಲ್ಲವೋ ನನಗೆ ತಿಳಿಯದು.

ಹಿಂಬರಹ ಹಿಡಿದು ಬಂದ ದಿನ ನೀವು ಮೊದಲ ಬಾರಿಗೆ ತಲೆ ಎತ್ತಿ ಮಾತಾಡಿದಿರಿ. ಅದೂ ಒಂದು ಭಾಗ್ಯ. “ಏನ್ ಓದ್ಯಾಳೆ ನಿಮ್ ಮಗ್ಳು?” ಎಂದಿರಿ. ಹೇಳಿದೆ. “ದನಕ್ಕೆ ಮೇವು ಹಾಕಾಕೆ ಅಲ್ಲಿಗಂಟ ಹೋಗ್ಬೇಕಿತ್ತೇನ್ರೀ? ನಮ್ಮಲ್ಲಿಲ್ವಾ ದನ?” ಎಂದು ನಕ್ಕಿರಿ. ಇವೆ ಸ್ವಾಮಿ, ಬೇಕಾದಷ್ಟಿವೆ. ಆಮೇಲೆ ಬೇರೆ ದಾರಿಗಳನ್ನೂ ತೋರಿಸಿದಿರಿ. ಕಂಪನಿಯವರೇ ಕರೆಸಿಕೊಳ್ಳುವ ವೀಸಾ ಇದೆಯಂತಲ್ಲ ಎಂದಿರಿ. ಇದೆ, ಅದಕ್ಕೆ ಗೊತ್ತುಮಾಡಿರುವ ಸಂಬಳ ಹತ್ತು ವರ್ಷ ಅನುಭವವಿದ್ದವರಿಗೆ ಸಿಗುವಂಥದ್ದು. ಇನ್ನೊಂದು ಕೋರ್ಸಿಗೆ ಸೇರಲಿ ಎಂದಿರಿ. ಓದಿದ್ದಕ್ಕೆ ಕೆಲಸ ಕೈಯಲ್ಲಿರುವಾಗ, ನಿಮ್ಮ ಒಂದು ಸಹಿ ಬಾರದ್ದಕ್ಕೆ ಅವಳು ಮತ್ತೆ ವಿದ್ಯಾರ್ಥಿಯಾಗಬೇಕು. ಕಡೆಗೆ ನಿಮ್ಮ ಗುಮಾಸ್ತ ಪಾಲಣ್ಣ ಬಗ್ಗಿ ಪಿಸುಗುಟ್ಟಿದ: “ಅಲ್ಲೇ ಯಾವನ್ನಾದ್ರೂ ಮದ್ವಿ ಆಗಾಕೆ ಹೇಳ್ರಿ ಅಕ್ಕಾರೆ. ವೀಸಾನೂ ಆತು, ಸರ್‌ನೇಮೂ ಆತು.” ನೀವು ಅದಕ್ಕೂ ನಕ್ಕಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತೊಂದು ವರ್ಷದಲ್ಲಿ ಒಂದು ಮಗುವಿಗೂ ಹೊಡೆದವಳಲ್ಲ ನಾನು. ಅಂದು ನಿಮ್ಮ ಮೇಜಿನ ಮೇಲಿದ್ದ ಮರದ ಸ್ಕೇಲಿನ ಕಡೆ ಕೈ ಹೋಗಿತ್ತು.

ಮೊನ್ನೆ ಸೋಮವಾರ ನಾಲ್ಕನೆಯ ಸಲ ಬಂದೆ. ನೀವು ಕಡತ ತಿರುವಿ, ಬಹಳ ಯೋಚಿಸಿ, ಪರಿಹಾರ ಹೇಳಿದಿರಿ.

“ಇಬ್ರನ್ನೂ ಕರ್ಕಂಡ್ ಬರ್ರಿ. ಖುದ್ದು ಹಾಜರಾದ್ರೆ ನೋಡಿ ಮಾಡ್ತೀನಿ.”

“ಯಾವ ಇಬ್ರನ್ನ?” ಎಂದೆ.

“ಅದೇ, ಕೆ. ಜಿ. ಮೇಘಶ್ರೀ, ಆಮೇಲೆ ಮೇಘಶ್ರೀ ಇಲ್ಲ.”

ನೀವು ತಮಾಷೆ ಮಾಡುತ್ತಿರಲಿಲ್ಲ. ಪಾಲಣ್ಣನ ಮುಖವನ್ನೂ ನೋಡಿದೆ, ಅವನೂ ನಗುತ್ತಿರಲಿಲ್ಲ. ಮೂವತ್ತನೇ ತಾರೀಖಿನೊಳಗೆ ಅವಳು ಆ ದೇಶ ಬಿಟ್ಟು ಹೊರಟರೆ ಅರ್ಜಿ ಹಾಕುವ ಹಕ್ಕೇ ಹೋಗುತ್ತದೆ. ಬಾರದಿದ್ದರೆ ನಿಮ್ಮ ಪತ್ರವಿಲ್ಲ. ಇದನ್ನು ವಿವರಿಸಿದಾಗ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ನಿಮ್ಮ ವ್ಯಾಪ್ತಿಗೆ ಬರುವುದಾದರೂ ಏನು? ಗೋಡೆಯ ಮೇಲಿನ ಫಲಕದಲ್ಲಿ ಸಾರ್ವಜನಿಕರ ಸೇವೆ ಎಂದು ಬರೆಸಿದ್ದೀರಿ, ಅದು ಬರುತ್ತದೆಯೇ?

ಮರುದಿನ ಬೆಳಿಗ್ಗೆ ಮೇಘಶ್ರೀ ಫೋನ್ ಮಾಡಿದಳು. “ಟಿಕೆಟ್ ತೆಗೀಲೇನಮ್ಮ?” ಎಂದಳು. “ಬರಾಕೆ ನಂಗೇನ್ ಬೇಜಾರಿಲ್ಲ. ಕೆಲಸ ಸಿಗ್ದೆ ಬಂದ್ಳು ಅಂತ ಊರಾಗೆ ಅಂತಾರೆ. ಸಿಕ್ಕಿತ್ತು ಅಂತ ಎಷ್ಟ್ ಜನಕ್ಕೆ ಹೇಳ್ಲಿ?” ಎಂದಳು. ಬರಬೇಡ ಎಂದೆ. ಫೋನ್ ಇಟ್ಟ ಮೇಲೆ ಅತ್ತೆ. ಅಂದು ತಿಪ್ಪೇಶನ ಅಂಗಡಿಯಲ್ಲಿ ಕನ್ನಡಕವೊಂದಿದ್ದಿದ್ದರೆ ಎಂದು ನನ್ನನ್ನೇ ಬೈದುಕೊಂಡೆ. ನನ್ನ ತಪ್ಪು ಅಜಾಗರೂಕತೆಯದು. ನಿಮ್ಮದು ಸೋಮಾರಿತನದ್ದು, ಅದಕ್ಕೆ ಸರ್ಕಾರ ಸಂಬಳವನ್ನೂ ಕೊಡುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಬರುವ ಸೋಮವಾರ ಹತ್ತೂವರೆಗೆ ನಿಮ್ಮ ಕಚೇರಿಗೆ ಬರುತ್ತೇನೆ. ಇಬ್ಬರೂ ಒಬ್ಬಳೇ ಎಂದು ಬರೆದು ಸಹಿ ಹಾಕಿ ಕೊಡಿ. ಇಲ್ಲವಾದರೆ ಇಬ್ಬರು ಬೇರೆ ಬೇರೆ ಎಂದು ಬರೆದು, ಪೂರ್ತಿ ಹೆಸರು ಹಾಕಿ ಸಹಿ ಮಾಡಿ ಕೊಡಿ. ಅದನ್ನು ಹಿಡಿದು ನಿಮ್ಮ ಮೇಲಿನವರ ಹತ್ತಿರ ಹೋಗುತ್ತೇನೆ. ಎರಡರಲ್ಲಿ ಒಂದು ಸಿಗದೆ ಏಳುವುದಿಲ್ಲ. ಖುದ್ದು ಹಾಜರಿ ಬೇಕೆಂದಿರಲ್ಲ, ಸಾಕ್ಷಿಯನ್ನೂ ಕರೆತರುತ್ತಿದ್ದೇನೆ. ನನ್ನ ತವರು ಕೆರೆಬಿಳಚಿಯ ಸೂಲಗಿತ್ತಿ ಅಜ್ಜಮ್ಮ, ಎಂಬತ್ತು ದಾಟಿದ್ದಾಳೆ. ಮೇಘಶ್ರೀ ಹುಟ್ಟಿದ್ದು ಅವಳ ಕೈಯಲ್ಲಿ. ನಿಮ್ಮ ಆಜ್ಞೆಯನ್ನು ಅವಳಿಗೆ ವಿವರಿಸಿ ಹೇಳಿದೆ. ಎರಡೆರಡು ಸಲ ಕೇಳಿಸಿಕೊಂಡು, ಸೆರಗು ಕೊಡವಿ ಎದ್ದಳು.

“ನಾ ತೆಗ್ದಿದ್ದು ಒಂದೇ ಕೂಸು ಕಣವ್ವ. ಇನ್ನೊಂದು ಹುಟ್ಟೈತೆ ಅಂತ ಹೇಳೋ ಆ ಸಾಹೇಬ, ಹೆರಿಗೆ ದಿನ ಎಲ್ಲಿದ್ದ ಅಂತ ಕೇಳ್ತೀನಿ, ನಡಿ.”

ಇಂತಿ,
ಒಂದೇ ಹೆರಿಗೆಗೆ ಇಬ್ಬರು ಹೆಣ್ಣುಮಕ್ಕಳ ತಾಯಿಯೆಂದು ಸರ್ಕಾರದಿಂದ ಘೋಷಿತಳಾದ
ಹೇಮಾವತಿ
ನಿವೃತ್ತ ಕನ್ನಡ ಶಿಕ್ಷಕಿ, ಹೊನ್ನಾಳಿ