ಅಮ್ಮನ ರಕ್ತದ ಸ್ಲೈಡು

ಪ್ರೀತಿಯ ಅಣ್ಣನಿಗೆ,

ಮೂರು ವಾರವಾದರೂ ಅಮ್ಮನ ಜ್ವರ ಬಿಡಲಿಲ್ಲ. ಹಾಗಾಗಿ ಸೋಮವಾರ ನಮ್ಮ ಲ್ಯಾಬಿಗೇ ಕರೆದುಕೊಂಡು ಹೋಗಿ ರಕ್ತ ತೆಗೆದೆ. ಸೂಕ್ಷ್ಮದರ್ಶಕದಲ್ಲಿ ನೂರು ಬಿಳಿ ರಕ್ತಕಣಗಳನ್ನು ಎಣಿಸಿ ವಿಂಗಡಿಸುವುದು ನನ್ನ ದಿನನಿತ್ಯದ ಕೆಲಸ. ಸೋಂಕು ತಗುಲಿದ ಕೂಡಲೇ ಓಡಿಬಂದು ರೋಗಾಣುಗಳನ್ನು ನುಂಗುವ ನ್ಯೂಟ್ರೋಫಿಲ್‌ಗಳೇ ಅರ್ಧಕ್ಕಿಂತ ಹೆಚ್ಚಿರಬೇಕು. ಹಿಂದೆ ಬಂದ ರೋಗವನ್ನು ನೆನಪಿಟ್ಟುಕೊಳ್ಳುವ ಲಿಂಫೋಸೈಟ್‌ಗಳು, ಸತ್ತ ಕಣಗಳನ್ನು ಗುಡಿಸುವ ಮೋನೋಸೈಟ್‌ಗಳು ಜೊತೆಗಿರುತ್ತವೆ. ಅಮ್ಮನ ರಕ್ತದಲ್ಲಿ ನ್ಯೂಟ್ರೋಫಿಲ್ ಆರೇ ಸಿಕ್ಕವು. ಮಿಕ್ಕವು ಹೆಚ್ಚಾಗಿ ಬಲಿಯದ, ಯಾವ ಕೆಲಸವೂ ಬಾರದ ದೊಡ್ಡ ಕಣಗಳು. ಬೇರೆ ಯಾರದೋ ಸ್ಲೈಡು ಇರಬಹುದೆಂದು ಚೀಟಿ ನೋಡಿದೆ. ಮತ್ತೆ ಎಣಿಸಿದೆ.

ಬಿಳಿ ಕಣ ಜಾಸ್ತಿ ಇದೆ ಎಂದಷ್ಟೇ ಅಮ್ಮನಿಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲ, ಕಾವಲಿಗೆ ಜಾಸ್ತಿ ಜನ ಇದ್ದಾರೆ ಅಂತ ತಾನೇ?" ಎಂದು ನಕ್ಕಳು.

ರಕ್ತದ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಲು ಬರುವ ಗುರುವಾರ ಡಾಕ್ಟರು ಮೂಳೆಯೊಳಗಿನ ಮಜ್ಜೆ ತೆಗೆದು ಪರೀಕ್ಷಿಸುತ್ತಾರೆ. ನೀನು ಬುಧವಾರವೇ ಬಾ. ಪಾಪುವಿಗೆ ಇನ್ನೂ ನೆಗಡಿಯಿದ್ದರೆ ಅತ್ತಿಗೆಯ ಜೊತೆ ಅಲ್ಲೇ ಇರಲಿ. ಸಣ್ಣ ಸೋಂಕನ್ನು ತಡೆಯುವ ಶಕ್ತಿಯೂ ಈಗ ಅಮ್ಮನಿಗಿಲ್ಲ. ಹಳೆಯ ಆಸ್ಪತ್ರೆ ಕಾಗದಗಳು ನಿನ್ನ ಬೀರುವಿನಲ್ಲಿದ್ದರೆ ಮರೆಯದೆ ತಾ.

ನಿನ್ನೆ ಅಮ್ಮನ ತಲೆ ಬಾಚುತ್ತಿದ್ದೆ. ತಿರುಗದೆಯೇ ಕೇಳಿದಳು, "ಒಂದೇ ಕಡೆ ಎಷ್ಟು ಸಲ ಬಾಚ್ತೀಯಾ?" ನಾನು ಜಡೆ ಹೆಣೆಯತೊಡಗಿದೆ. ಹೆಣೆದು ಮುಗಿಸಿದಾಗ, "ಅಣ್ಣನಿಗೆ ಕಾಗದ ಬರಿ. ಆದರೆ ಅವನು ಹೆದರದ ಹಾಗೆ ಬರಿ," ಎಂದಳು.

ಹಾಗೆ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. ನನಗೆ ತುಂಬ ಭಯವಾಗುತ್ತಿದೆ ಅಣ್ಣ, ಬೇಗ ಬಾ.

ನಿನ್ನ ತಂಗಿ