ತವುಡಿಗೆ ಮಾರಿದ ಕೂಸು

ರಾಯಚೂರು
೧೭-೧-೧೯೮೩, ಸೋಮವಾರ

ಪ್ರೀತಿಯ ಮಾಳಿಂಗಪ್ಪ ಮಾವನಿಗೆ ಬೂದೆಪ್ಪನ ನಮಸ್ಕಾರಗಳು.

ಮೈಯಲ್ಲಿ ಹುಷಾರಿದ್ದೀರಾ? ಕೆಮ್ಮು ಇಳಿಯಿತಾ? ಮುಂಬಯಿ ಗಿರಣಿಗಳ ಮುಷ್ಕರಕ್ಕೆ ವರ್ಷ ತುಂಬುತ್ತಿದೆಯೆಂದು ಪೇಪರಿನಲ್ಲಿ ಓದಿದೆ. ಪರೇಲಿನ ಆ ಖೋಲಿಯಲ್ಲಿ ಎರಡು ಹೊತ್ತಿನ ರೊಟ್ಟಿಗೆ ಏನು ಮಾಡುತ್ತೀರೋ ಎಂದು ಅವ್ವ ಕೇಳುತ್ತಲೇ ಇರುತ್ತಾಳೆ. ನಾವು ನೆಟ್ಟಗಿದ್ದೇವೆ. ಗಂಜ್ ಬಜಾರಿನಲ್ಲಿ ಗೋಣಿಚೀಲದ ವ್ಯಾಪಾರ ನಡೆದಿದೆ. ಹರಿದ ಚೀಲ ಕೊಂಡು ಹೊಲಿದು ಮಾರುವವನಿಗೆ ಯಾವ ಕಾಲವೂ ಪೂರ್ತಿ ಕೆಟ್ಟದ್ದಲ್ಲ.

ಮೊದಲು ಖರ್ಚು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈ ಮುಂದೆ ಓಡುವುದಿಲ್ಲ. ಅಂಬಾಸಿಡರ್ ಕಾರು ಎರಡು ದಿನಕ್ಕೆ ಮುನ್ನೂರ ನಲವತ್ತು. ಡ್ರೈವರನ ಊಟ ಬೀಡಿ ಹದಿನೆಂಟು. ನಮ್ಮ ನೀರು ಕುಡಿಯದ ಅತಿಥಿಗಳಿಗೆ ಸೋಡಾ ಮೂವತ್ತಾರು. ದೇವದುರ್ಗದಲ್ಲಿ ಅವ್ವನ ಮನೆಗೆ ಸುಣ್ಣ ಇಪ್ಪತ್ತೆರಡು, ಅವ್ವನಿಗೆ ಸೀರೆ ತೊಂಬತ್ತಾರು. ಒಟ್ಟು ಐನೂರ ಹನ್ನೆರಡು. ನಿಮ್ಮ ಲೆಕ್ಕಕ್ಕೆ ಹಚ್ಚಿಲ್ಲ, ಹೆದರಬೇಡಿ.

ಹೌದು ಮಾವ, ನಿಮ್ಮ ಮಗಳು ಬಂದಿದ್ದಳು. ಸಾಕಿದ ತಂದೆತಾಯಿಯೇ ಅನಾಥಾಲಯದವರಿಂದ ನನ್ನ ವಿಳಾಸ ಪಡೆದು ಸ್ವೀಡನ್ನಿನಿಂದ ಕರೆತಂದರು. ನಿಮಗೆ ತಂತಿ ಕೊಟ್ಟೆ. ‘ರಜೆ ಇಲ್ಲ’ ಎಂದು ಉತ್ತರ ಬಂತು. ವರ್ಷದಿಂದ ಬೀಗ ಬಿದ್ದ ಗಿರಣಿಯಲ್ಲಿ ರಜೆ ಯಾರನ್ನು ಕೇಳಿದಿರಿ ಮಾವ? ಇರಲಿ, ಹೇಳುವುದು ಬಹಳ ಇದೆ.

ಸ್ಟೇಷನ್ನಿನಲ್ಲಿ ಬಿಳಿಯ ಗಂಡಹೆಂಡಿರ ನಡುವೆ ಇಳಿದಳು. ತೀರಿಹೋದ ನಮ್ಮ ಕರೆಮ್ಮಕ್ಕನ ಹಣೆ, ನಿಮ್ಮ ಅಗಲ ಕಿವಿ, ಯಾರೂ ತೋರಿಸಬೇಕಾಗಿರಲಿಲ್ಲ. ಹೆಸರು ಹೆಲೆನಾ. ಸಾಕಿದ ತಾಯಿ ಬ್ರಿಟಾ, ತಂದೆ ಲಾರ್ಸ್. ಮಾನ್ವಿಗೆ ಹೋಗಿ, ಇಂಗ್ಲಿಷು ಬಲ್ಲ ವಿರೂಪಣ್ಣ ಮಾಸ್ತರರನ್ನು ಕಾರಿಗೆ ಹತ್ತಿಸಿಕೊಂಡು ದೇವದುರ್ಗದ ದಾರಿ ಹಿಡಿದೆವು. ಹುಡುಗಿ ನನ್ನ ಪಕ್ಕ ಕೂತಿತ್ತು. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, ತನ್ನ ಕೈ ತಂದು ಅದರ ಪಕ್ಕ ಇಟ್ಟಳು. ಒಂದೇ ಬಣ್ಣ. ಅವಳ ಊರಿನಲ್ಲಿ ಹಾಗೆ ಇಟ್ಟು ನೋಡಲು ಇನ್ನೊಂದು ಕೈ ಸಿಕ್ಕಿರಲಿಲ್ಲವೇನೋ. ನಾನು ಕಿಟಕಿಯಾಚೆ ಜೋಳದ ಬೆಳೆ ನೋಡಿದೆ. ಮಾಸ್ತರರ ಮುಂದೆ ಅಳುವುದು ವ್ಯಾಪಾರಸ್ಥನಿಗೆ ಒಳ್ಳೆಯದಲ್ಲ.

ಇನ್ನು ನನ್ನ ಜಾಣತನದ ಕಥೆ ಕೇಳಿ. ಎಪ್ಪತ್ತೆರಡರ ಆ ಬರಗಾಲದಲ್ಲಿ ಕರೆಮ್ಮಕ್ಕ ಹೆತ್ತು ಕಣ್ಣು ಮುಚ್ಚಿದಾಗ, ಅವ್ವ ಕೂಸನ್ನು ಅನಾಥಾಲಯಕ್ಕೆ ಸುಮ್ಮನೆ ಒಪ್ಪಿಸಿರಲಿಲ್ಲ, ನೆನಪಿದೆಯಲ್ಲ? ಮೊದಲಿನ ಎರಡೂ ಉಳಿದಿರಲಿಲ್ಲ. ಹುಟ್ಟಿದ್ದು ಉಳಿಯದ ಮನೆಯಲ್ಲಿ ಕೂಸನ್ನು ಮೊರದಲ್ಲಿಟ್ಟು ಬೇರೆಯವರಿಗೆ ಹಿಡಿ ತವುಡಿಗೆ ಮಾರುವುದು, ಗಂಡಾಂತರ ಕಳೆದ ಮೇಲೆ ತವುಡು ಹಿಂದಕ್ಕೆ ಕೊಟ್ಟು ಬಿಡಿಸಿಕೊಳ್ಳುವುದು ನಮ್ಮಲ್ಲಿ ನಡೆದು ಬಂದದ್ದು. ಮಾರಿದ ಸರಕಿನ ತಂಟೆಗೆ ಸಾವು ಬರುವುದಿಲ್ಲವಂತೆ. ಅಲ್ಲಿಯ ಹಸುವಿಗೆ ಇಟ್ಟಿದ್ದ ತವುಡಿನಲ್ಲಿ ಒಂದು ಹಿಡಿ ಸೆರಗಿಗೆ ಹಾಕಿಸಿಕೊಂಡ ಮೇಲೇ ಅವ್ವ ಕೂಸು ಕೆಳಗಿಟ್ಟಳು. ನೀವು ಗೋಡೆಗೆ ಮುಖ ಮಾಡಿ ನಿಂತಿದ್ದಿರಿ.

ಅದನ್ನು ನಾನು ಮರೆತಿದ್ದೆ, ಅವ್ವ ಮರೆತಿರಲಿಲ್ಲ. ಕಾರಿನಲ್ಲಿ ನಾನೇ ಮಾಸ್ತರರಿಂದ ಬ್ರಿಟಾಗೆ ಹೇಳಿಸಿದ್ದೆ: ನಮ್ಮಲ್ಲಿ ಹಿರಿಯರು ಉಡಿ ತುಂಬಿದರೆ ಬೇಡ ಅನ್ನಬಾರದು, ಮಡಿಲೊಡ್ಡಿ ತೆಗೆದುಕೊಳ್ಳಿ ಎಂದು. ಅವ್ವ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಓಣಿಯ ಹೆಂಗಸರೆಲ್ಲ ಹಿಂದೆ. ಅವ್ವನ ಕೈಯಲ್ಲಿ ಮೊರ, ಮೊರದ ತುಂಬ ತವುಡು. ಬ್ರಿಟಾ ನಗುತ್ತಾ ಲಂಗ ಅಗಲಿಸಿ ಅಷ್ಟನ್ನೂ ಹಾಕಿಸಿಕೊಂಡಳು, ತಲೆ ಬಾಗಿಸಿದಳು. ಅವ್ವ ಅವರನ್ನು ಕಟ್ಟೆಯ ಮೇಲೆ ಕೂಡಿಸಿ, ತಾನೂ ಕೂತು, ಹೆಲೆನಾಳ ರಟ್ಟೆ ಹಿಡಿದಳು.

“ಆತು. ಬಿಡಿಸಿಕೊಂಡೆ. ಇನ್ನ ಕೂಸು ನಂದು. ಅವ್ರಿಗಿ ಉಂಡು ಹೋಗಾಕ ಹೇಳು.”

“ಯವ್ವಾ, ಹಂಗಲ್ಲಬೇ, ಅವ್ರಿಗೇನು ಗೊತ್ತು” ಎಂದೆ. ಪಕ್ಕದ ಮನೆಯ ಬಂಡೆಮ್ಮ ಬಾಯಿ ಹಾಕಿದಳು: “ಲೇ ಬೂದ್ಯಾ, ಗಂಜಿನ್ಯಾಗ ಮಾಲು ಇಸಗೊಂಡು ಗೊತ್ತಿಲ್ಲಂದ್ರ ನೀ ಬಿಡ್ತೀಯೇನೋ?” ಮಾವ, ವ್ಯಾಪಾರದಲ್ಲಿ ನನ್ನ ಬಾಯಿ ಯಾರೂ ಮುಚ್ಚಿಸಿಲ್ಲ, ಆಕೆ ಮುಚ್ಚಿಸಿದಳು. ವಿರೂಪಣ್ಣ ಮಾಸ್ತರರು ಬೆವರಿದರು. “ಇದನ್ನ ಇಂಗ್ಲಿಷಿನ್ಯಾಗ ಹ್ಯಾಂಗ ಹೇಳ್ಲೋ ಮಾರಾಯಾ?” ಹೇಗೋ ಹೇಳಿದರು. ಬ್ರಿಟಾಳ ಮುಖ ಸುಣ್ಣದ ಗೋಡೆಯಂತಾಯಿತು. ಲಾರ್ಸ್ ಮೇಲೆದ್ದ. ಅವ್ವ ರಟ್ಟೆ ಬಿಡಲಿಲ್ಲ. ಪೊಲೀಸು, ಜಗಳ, ಅನಾಥಾಲಯ, ಎಲ್ಲ ನನ್ನ ಕಣ್ಣ ಮುಂದೆ ಬಂದು ಹೋದವು.

ಬ್ರಿಟಾ ಕೂಗಾಡಲಿಲ್ಲ. ಮಡಿಲಿನ ತವುಡು ಚೆಲ್ಲದಂತೆ ಹಿಡಿದುಕೊಂಡೇ ಮಗಳಿಗೆ ತಮ್ಮ ಭಾಷೆಯಲ್ಲಿ ಎಲ್ಲ ತಿಳಿಸಿದಳು. ಹುಡುಗಿ ಯೋಚಿಸಿ ಮಾಸ್ತರರಿಂದ ಕೇಳಿಸಿದಳು: ಅಮ್ಮ ಸತ್ತ ಮೇಲೆ ನನ್ನನ್ನು ಎತ್ತಿಕೊಂಡವರು ಯಾರು?

“ನಾನs. ಮತ್ಯಾರು? ಹತ್ತಿ ಅರಳಿ ಅದ್ದಿ ಅದ್ದಿ ಆಡಿನ ಹಾಲು ಕುಡಿಸಿದೆ. ಒಂದ್ ಹನಿ ಒಳಗ, ಎರಡು ಹನಿ ಹೊರಗ.”

ಹೆಲೆನಾ ಸರಿದು ಅವ್ವನ ತೊಡೆಯ ಮೇಲೆ ಕೂತುಬಿಟ್ಟಳು. ಅಷ್ಟುದ್ದದ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿದ್ದವು. ಅವ್ವ ಆಕೆಯ ಕೂದಲಲ್ಲಿ ಬೆರಳಾಡಿಸಿದಳು, ಕಿವಿ ಮುಟ್ಟಿದಳು, ಹಲ್ಲು ನೋಡಿದಳು. ಆಮೇಲೆ ಕೇಳಿದಳು: “ಜರ ಬಂದಾಗ ಯಾರನ್ನ ಕರೀತಿಯವ್ವಾ?”

ಮಾಸ್ತರರು ಹೇಳಿದರು. ಹುಡುಗಿ ತಲೆ ತಗ್ಗಿಸಿತು. ಆ ತೊಡೆಯ ಮೇಲೆ ಕೂತು ಹೇಳುವುದು ಕಷ್ಟವಾಗಿತ್ತು ಅದಕ್ಕೆ. ಕೊನೆಗೆ, ಬೆರಳು ತೋರಿಸದೆ, ಬ್ರಿಟಾಳ ಕಡೆ ನೋಡಿತು ಅಷ್ಟೇ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಹುಡುಗಿಯನ್ನು ಇಳಿಸಿ, ಎದ್ದು ಹೋಗಿ ಬ್ರಿಟಾಳ ಮುಂದೆ ಕೂತು, ಮಡಿಲಿನ ತವುಡನ್ನು ಬೊಗಸೆ ಬೊಗಸೆಯಾಗಿ ಮೊರಕ್ಕೆ ಹಾಕಿಕೊಂಡಳು. ಓಣಿಯ ಹೆಂಗಸರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: “ಗಂಡಾಂತರ ಇನ್ನಾ ಕಳದಿಲ್ಲ. ಈಗ ಬಿಡಿಸಿಕೊಂಡ್ರ ಕೂಸಿಗಿ ಒಳ್ಳೇದಲ್ಲ. ಈಕಿ ಹತ್ರನs ಇರ್ಲಿ.” ಬ್ರಿಟಾ ಅವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅವ್ವ ಬೈದಳು: “ಅಳಬ್ಯಾಡs, ಹೋಳಿಗಿ ಆರ್ತಾವ.”

ಉಂಡರು. ಸಂಜೆಯ ಮುಂದೆ ಹೊರಟರು. ನಿನ್ನೆ ರಾಯಚೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದರು.

ಅವ್ವನ ಆಶೀರ್ವಾದ ನಿಮ್ಮ ತಲೆಯ ಮೇಲಿದೆ. ಬೀರಪ್ಪ ದೇವರು ನಿಮ್ಮ ಎದೆಯ ಕೆಮ್ಮು ತೆಗೆಯಲಿ, ಗಿರಣಿಯ ಬೀಗವನ್ನೂ ತೆಗೆಯಲಿ.

ನಿಮ್ಮ
ಬೂದೆಪ್ಪ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ದೇವದುರ್ಗ ಬಿಡುವಾಗ ಹುಡುಗಿ ಅಪ್ಪ ಎಲ್ಲಿ ಎಂದು ಮಾಸ್ತರರಿಂದ ಕೇಳಿಸಿದಳು. ಮುಂಬಯಿಯಲ್ಲಿ, ನಾಚಿಕೆಯಿಂದ ಬರಲಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕೇಳಿದ್ದು ಬೈಯಲು ಅಲ್ಲ, ಮುಖ ನೋಡಲು ಎಂದಳು. ಶನಿವಾರ ಅವರು ಮುಂಬಯಿ ತಲುಪುತ್ತಾರೆ, ಬುಧವಾರ ರಾತ್ರಿ ವಿಮಾನ. ಇಳಿದುಕೊಳ್ಳುವ ಹೋಟೆಲು ದಾದರ್ ಸ್ಟೇಷನ್ನಿನ ಎದುರಿಗೇ ಇದೆ, ಹೆಸರು ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿಮ್ಮ ಖೋಲಿಯಿಂದ ನಡೆದು ಹೋಗಬಹುದು. ಶೇವಿಂಗ್ ಮಾಡಿಕೊಂಡು ಹೋಗಿ. ಇಲ್ಲಿಯತನಕ ಯಾರಿಗೆ ಏನು ದಕ್ಕಿತು ಎಂದರೆ: ಬ್ರಿಟಾಗೆ ಮಗಳು. ಹೆಲೆನಾಗೆ ಒಬ್ಬ ಅಜ್ಜಿ, ಒಬ್ಬ ಸೋದರಮಾವ. ಅವ್ವನಿಗೆ ಮೊಮ್ಮಗಳು ಬದುಕಿದ್ದಾಳೆಂಬ ಖಾತ್ರಿ. ಮಾಸ್ತರರಿಗೆ ನಾಲ್ಕು ಹೋಳಿಗೆ. ನಿಮಗೆ, ಬುಧವಾರದ ತನಕ ವೇಳೆ.