ಒಂದು ಬೆರಳಿನ ಸಡಿಲು

ಕುರುಗೋಡು, ೫-೨-೧೯೫೧
ಬರಿ ಅಂದ್ರ ಏನು ಬರೀಲಿ? ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವನು. ಬಳ್ಳಾರಿ ಡಾಕ್ಟರು ತಿಪ್ಪೇರುದ್ರಪ್ಪ ನೋಟ್‌ಬುಕ್ಕು ಕೊಟ್ಟಾನ — ಯಾವ ಕೀಲು ಮುಟ್ಟಿದಿರಿ, ಏನು ಕಂಡಿತು, ದಿನಾ ಬರೀರಿ ಅಂತ. ಮೂವತ್ತು ವರ್ಷ ಎಲುಬು ಕೂಡಿಸಿದ ಕೈ ಇದು. ಬರವಣಿಗಿ ಒಂದು ಕಡಿಮಿ ಇತ್ತು.

ತಂಗಿ ಚನ್ನವೀರಮ್ಮ ಸಿರುಗುಪ್ಪದಿಂದ ಬಂದಳು. ಬಣವಿ ಮೇಲಿಂದ ಜಾರಿ ಬಲಮೊಣಕಾಲು ಹೊರಳಿದೆ. ಬಾವು. ಗಂಡ ದವಾಖಾನಿ ಅಂದನಂತೆ, ಇವಳು ಅಣ್ಣನೇ ಬೇಕು ಅಂದಳಂತೆ. ಎಲುಬು ಮುರಿದಿಲ್ಲ. ಚಿಪ್ಪು ಜಾಗದಲ್ಲೇ ಐತಿ. ತತ್ತಿ ಬಿಳಿ, ಉದ್ದಿನ ಹಿಟ್ಟು, ಬಿದಿರ ದಬ್ಬೆ — ಕಟ್ಟಿದೆ.

೧೩-೨
ಒಂಬತ್ತನೇ ದಿನ. ಕಟ್ಟು ಬಿಚ್ಚಿ ಗುಡ್ಡದ ಮೆಟ್ಟಿಲು ಹತ್ತಿಸೋದು ನಮ್ಮಪ್ಪನ ರೂಢಿ.
"ಅಣ್ಣಾ, ಒಳಗ ಏನೋ ಸಡಿಲ ಐತಿ. ಕಾಲು ನಂದಲ್ಲ ಅನಸ್ತೈತಿ."
"ನಾಜೂಕು ಸಾಕು ಲೇ. ಹತ್ತು."
ಹತ್ತಿದಳು. ಇಳಿಯುವಾಗ ಕಾಲು ಪಕ್ಕಕ್ಕೆ ಹೋಯಿತು. ಸಪ್ಪಳ ಕೇಳಿತು... ಬಾರು ಹರಿದಂಗ.

ಬಳ್ಳಾರಿ, ೧೫-೨
ಡಾಕ್ಟರು ಬೈಯಲಿಲ್ಲ. ಬೈದಿದ್ದರ ಚಲೋ ಇತ್ತು. ಅವಳ ಮೊಣಕಾಲು ಮಡಚಿಸಿ ಕೆಳಗಿನ ಎಲುಬು ಹಿಡಿದು ಎಳೆದ — ಮೇಜಿನ ಖಾನೆಯಂಗ ಮುಂದಕ್ಕೆ ಬಂತು.
"ಎಲುಬಿಗೆ ಎಲುಬು ತಾನೇ ಹಿಡಿಯೋದಿಲ್ಲ, ಮರಿಬಸಪ್ಪನವರೇ. ಒಳಗ ಅಡ್ಡಡ್ಡ ಎರಡು ನಾರಿನ ಪಟ್ಟಿ, ಎಡಬಲಕ್ಕ ಎರಡು. ಅವು ಹಿಡಿದಿರ್ತಾವ. ಒಳಗಿನದೊಂದು ಅರ್ಧ ಹರಿದಿತ್ತು. ಮೆಟ್ಟಿಲ ಮ್ಯಾಲ ಪೂರ್ತಿ ಹೋಗೇತಿ."
ಕೂಡ್ತೈತೇನು ಅಂತ ಕೇಳಿದೆ. ಎಲುಬಾಗಿದ್ದರ ಕೂಡತಿತ್ತು ಅಂದ.
ಮೂವತ್ತು ವರ್ಷ ಎಲುಬೇ ಹುಡುಕಿದೆ.

ಕುರುಗೋಡು, ೨-೪
ಬಳ್ಳಾರಿಯಲ್ಲಿ ಹಾಕಿದ್ದ ಪ್ಲಾಸ್ಟರ್ ತೆಗೆದರು. ಗೋಡೆ ಹಿಡಿದು ನಡೀತಾಳೆ. ನೆಲಕ್ಕೆ ಕೂತರೆ ಏಳಾಕಾಗೋದಿಲ್ಲ. ಸಿರುಗುಪ್ಪದ ಗಾಡಿ ಬಂತು. ಹೋಗಿಬರ್ತೀನಿ ಅನ್ನಲಿಲ್ಲ. "ಹೊಂಟೆ" ಅಂದಳು, ಅಷ್ಟೇ.

೧೬-೪
ಬಾದನಹಟ್ಟಿಯವನೊಬ್ಬ ಉಳುಕಿದ ಕಾಲು ತಂದಿದ್ದ. ಮುಟ್ಟಲಿಲ್ಲ. ಬಳ್ಳಾರಿಗೆ ಹೋಗು ಅಂತ ಗದರಿಸಿ ಕಳಿಸಿದೆ.

ಮೊದಲ ದಿನದ ಪುಟ ತೆಗೆದೆ. ಅಲ್ಲಿ ಬರೆಯದೇ ಬಿಟ್ಟದ್ದು ಒಂದೈತಿ. ಅವತ್ತೇ ಕೈಗೆ ಗೊತ್ತಾಗಿತ್ತು — ಒಂದು ಬೆರಳಿನಷ್ಟು ಸಡಿಲು. ಬಾವು ಇಳಿದರೆ ಸರಿಹೋದೀತು ಅಂದುಕೊಂಡೆ. ಇಲ್ಲ, ಸುಳ್ಳು. ನನಗ ತಿಳೀವಲ್ದು ಅಂತ ತಂಗಿ ಮುಂದ ಅನ್ನಾಕ ಬಾಯಿ ಬರಲಿಲ್ಲ.

ಅವಳಿಗೆ ಕಾಗದ. ಮೊದಲು ಇಲ್ಲಿ ಬರೆದು ನೋಡ್ತೀನಿ.

ಚನ್ನವೀರಾ, ಸಡಿಲು ನನಗೆ ಮೊದಲ ದಿನವೇ ಗೊತ್ತಿತ್ತು. ನೀನು ಹೇಳಿದ್ದು ಖರೆ. ಡಾಕ್ಟರು ಹೇಳಿದ ಅಳತೆಗೆ ಮೊಣಕಾಲಿಗೆ ಚರ್ಮದ ಪಟ್ಟಿ ಹೊಲಿಸೀನಿ. ನಾನೇ ತರಲೋ, ನನ್ನ ಮುಖ ಬ್ಯಾಡಂದ್ರ ಬ್ಯಾರೆಯವರ ಕೈಲಿ ಕಳಿಸಲೋ? ಇಪ್ಪತ್ಮೂರನೇ ತಾರೀಖು ಸೋಮವಾರದೊಳಗ ಹೇಳು.